ಹಳೆಯ ತೆರೆದ ಜೀಪಿಗೆ ರಕ್ಷಣಾ ಕಮಾನು



ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಕಾಫಿ ಬೆಳೆಯುವುದಿಲ್ಲ. ಆದರೆ ಮಲೆನಾಡಿನಲ್ಲಿ ಕಾಫಿ ತೋಟವಿದ್ದು ಇಲ್ಲಿ ಮನೆ ಮಾಡಿಕೊಂಡವರು ನಮ್ಮ ಸಂಘದಲ್ಲಿದ್ದಾರೆ. ಮೆಕ್ಕೆಜೋಳದ ಹೊಲದಲ್ಲಿ ಕೊಳವೆಬಾವಿ ತೋಡಿಸಿ ಅಡಿಕೆ ನೆಟ್ಟವರಂತೂ ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಈ ಎರಡೂ ವರ್ಗದವರ ಅಂಗಳದಲ್ಲಿ ಸಾಮಾನ್ಯವಾಗಿ ಕಾಣುವ ವಸ್ತುವೊಂದಿದೆ. ಅದು ಕ್ಯಾನ್ವಾಸ್ ಟಾಪಿನ ಹಳೆಯ ಜೀಪು. ಗೊಬ್ಬರದ ಚೀಲ, ಪಂಪಿನ ಮೋಟಾರು, ಅಡಿಕೆ ಗೊನೆ, ಆಳುಕಾಳು ಎಲ್ಲವೂ ಅದರಲ್ಲೇ. ಬೇಸಿಗೆ ಬಂತೆಂದರೆ ಟಾಪು ಕಳಚಿ ಅಟ್ಟಕ್ಕೇರಿಸಿ ಬರಿಯ ತೊಟ್ಟಿಯಂತೆ ಓಡಿಸುವುದು ನಮ್ಮಲ್ಲಿ ವಾಡಿಕೆ.

ಇಂಥ ಜೀಪಿಗೆ ಪೈಪಿನ ಕಮಾನು, ಎಂದರೆ ಪೇಟೆಯವರು ರೋಲ್ ಬಾರ್ ಎನ್ನುವುದನ್ನು ಹಾಕಿಸಬಹುದೇ, ಹಾಕಿಸಿದರೆ ಪ್ರಯೋಜನವಿದೆಯೇ ಎಂದು ಕಾರ್ಯಾಲಯಕ್ಕೆ ಬಂದು ಕೇಳುವವರು ಹೆಚ್ಚಾಗಿದ್ದಾರೆ. ಕೆಲವರು ಕೇಳದೆಯೇ ಹಾಕಿಸಿಕೊಂಡೂ ಬಿಟ್ಟಿದ್ದಾರೆ. ಹಾಕಿಸಿದವುಗಳಲ್ಲಿ ನಾವು ನೋಡಿದ ಹಲವು ಕಮಾನುಗಳು ನೋಟಕ್ಕೆ ಚೆಂದವಾಗಿವೆ, ಜೀವ ಉಳಿಸುವ ಕೆಲಸಕ್ಕೆ ಮಾತ್ರ ಬಾರವು. ಆದ್ದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಜೀಪು ಏಕೆ ಮಗುಚುತ್ತದೆ?

ಮಹೀಂದ್ರ ಕಂಪನಿಯವರು 1940ರ ದಶಕದ ಕೊನೆಯಲ್ಲಿ ಅಮೆರಿಕದ ವಿಲ್ಲಿಸ್ ಜೀಪನ್ನು ಇಲ್ಲಿ ಜೋಡಿಸಲು ತೊಡಗಿದರು. ಮುಂದೆ ಬಂದ ಸಿಜೆ-3ಬಿ ಮಾದರಿಯೇ ದಶಕಗಳ ಕಾಲ ನಮ್ಮ ತೋಟದ ರಸ್ತೆಗಳನ್ನು ಆಳಿತು. ಯುದ್ಧಕ್ಕೆಂದು ಹುಟ್ಟಿದ ಗಾಡಿ ಅದು. ಗಿಡ್ಡ, ಇಕ್ಕಟ್ಟು, ನೆಲದಿಂದ ಎತ್ತರ. ಹಳ್ಳ ದಾಟಲು, ಕೆಸರಿನಿಂದ ಏಳಲು ಈ ಗುಣಗಳೇ ಬೇಕು. ಮಗುಚಲು ಕಾರಣವಾಗುವುದೂ ಇವೇ.

ಲೆಕ್ಕ ಸುಲಭವಾಗಿದೆ. ಎಡಗಾಲಿಯಿಂದ ಬಲಗಾಲಿಗೆ ಇರುವ ಅಗಲದ ಅರ್ಧವನ್ನು, ಗಾಡಿಯ ಭಾರಕೇಂದ್ರ ನೆಲದಿಂದ ಎಷ್ಟು ಎತ್ತರದಲ್ಲಿದೆಯೋ ಅದರಿಂದ ಭಾಗಿಸಬೇಕು. ಹಳೆಯ ಜೀಪಿನ ಗಾಲಿಗಳ ನಡುವಿನ ಅಗಲ ಸುಮಾರು 4 ಅಡಿ. ಅದರ ಅರ್ಧ 2 ಅಡಿ. ಭಾರಕೇಂದ್ರದ ಎತ್ತರವನ್ನು ಲೆಕ್ಕಕ್ಕಾಗಿ 2 ಅಡಿ ಎಂದು ಹಿಡಿದರೆ ಉತ್ತರ 1 ಬರುತ್ತದೆ. ಎಂದರೆ 45 ಡಿಗ್ರಿ ಓರೆಯಾದಾಗ ಗಾಡಿ ತಾನಾಗಿ ಉರುಳುತ್ತದೆ. ಸ್ಪ್ರಿಂಗು ಮತ್ತು ಟಾಯರು ಕುಗ್ಗುವುದರಿಂದ ನಿಜದಲ್ಲಿ ಅದಕ್ಕೂ ಮೊದಲೇ ಉರುಳೀತು. ಈಗ ಹಿಂದೆ ಚೀಲ ಒಟ್ಟಿ, ಅವುಗಳ ಮೇಲೆ ನಾಲ್ವರು ಆಳುಗಳನ್ನು ನಿಲ್ಲಿಸಿ. ಭಾರಕೇಂದ್ರ 2 ಅಡಿ 9 ಅಂಗುಲಕ್ಕೆ ಏರಿತೆಂದು ಎಣಿಸಿದರೆ 45 ಡಿಗ್ರಿ ಇದ್ದದ್ದು 36ಕ್ಕೆ ಇಳಿಯುತ್ತದೆ. ಕೆರೆಯ ಏರಿಯ ಇಳಿಜಾರಿನಲ್ಲಿ ಓರೆಯಾಗಿ ಹೋಗುವಾಗ ಮೇಲಿನ ಬದಿಯ ಗಾಲಿ ಅರ್ಧ ಅಡಿಯ ಕಲ್ಲೊಂದನ್ನು ಹತ್ತಿದರೆ ಆಗಲೇ 7 ಡಿಗ್ರಿ ಓರೆ ಹೆಚ್ಚಾಯಿತು. ಅದೇ ಕ್ಷಣಕ್ಕೆ ಕೆಳಬದಿಯ ಗಾಲಿ ಗುಂಡಿಗೆ ಇಳಿದರೆ ಮುಂದಿನದನ್ನು ಹೇಳಬೇಕಾಗಿಲ್ಲ.

ತಿರುವಿನಲ್ಲಿಯೂ ಇದೇ ಲೆಕ್ಕ, ಬದಲಾಗಿ ವೇಗ ಸೇರುತ್ತದೆ. 40 ಅಡಿ ತ್ರಿಜ್ಯದ ತಿರುವನ್ನು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ತೆಗೆದುಕೊಂಡರೆ ಪಕ್ಕಕ್ಕೆ ನೂಕುವ ಬಲ ಗಾಡಿಯ ತೂಕದ ಅರ್ಧಕ್ಕಿಂತ ತುಸು ಹೆಚ್ಚು. ವೇಗ 35 ಆದರೆ ಅದು ತೂಕದ ಮುಕ್ಕಾಲು ಭಾಗವನ್ನು ಮೀರುತ್ತದೆ; ಭಾರ ಹೇರಿದ ಜೀಪಿಗೆ ಅಷ್ಟು ಸಾಕು. 40 ಆದರೆ ಬರಿ ಜೀಪಿಗೂ ಸಾಕು. ಮಣ್ಣಿನ ರಸ್ತೆಯಲ್ಲಿ ಗಾಡಿ ಮಗುಚುವ ಮೊದಲು ಜಾರುತ್ತದೆಯಲ್ಲ ಎಂದು ಅನುಭವಸ್ಥ ಚಾಲಕರು ಹೇಳುವುದುಂಟು. ಅದು ಸರಿಯೇ. ಆದರೆ ಜಾರುವ ಗಾಲಿ ಚಕ್ಕಡಿಯ ಗಾಡಿಜಾಡಿಗೋ, ಡಾಂಬರಿನ ಅಂಚಿಗೋ, ಹುಗಿದ ಕಲ್ಲಿಗೋ ತಗುಲಿ ಗಕ್ಕನೆ ನಿಂತಾಗ ಮೇಲಿನ ಭಾಗ ಮುಂದುವರಿಯುತ್ತದೆ. ಎಡವಿದ ಮನುಷ್ಯ ಬೀಳುವಂತೆಯೇ ಇದು.

ಇದು ನಮ್ಮ ದೇಶದ ಚಿಂತೆ ಮಾತ್ರವಲ್ಲ. ಜೀಪಿನ ತವರಾದ ಅಮೆರಿಕದಲ್ಲಿಯೂ ಸಿಜೆ-5 ಮಾದರಿ ಮಗುಚುವುದನ್ನು 1980ರ ಡಿಸೆಂಬರಿನಲ್ಲಿ ದೂರದರ್ಶನದಲ್ಲಿ ತೋರಿಸಿದ ಮೇಲೆ ದೊಡ್ಡ ವಾದವಿವಾದವೇ ನಡೆಯಿತು.

ಟಾಪಿನ ಬಿಲ್ಲು ರಕ್ಷಣೆಯಲ್ಲ

ಮುಖ್ಯವಾದ ಮಾತು ಇಲ್ಲಿದೆ. ಕ್ಯಾನ್ವಾಸ್ ಹೊದಿಸಲು ಇರುವ ತೆಳು ಪೈಪಿನ ಬಿಲ್ಲುಗಳನ್ನು ನೋಡಿ ‘ಮೇಲೆ ಪೈಪಿದೆಯಲ್ಲ’ ಎಂದು ಧೈರ್ಯ ತಾಳುವವರಿದ್ದಾರೆ. ಆ ಬಿಲ್ಲು ಬಟ್ಟೆಯನ್ನು ಹಿಡಿಯುವುದಕ್ಕೆ ಮಾತ್ರ. ಮುಂದಿನ ಗಾಜಿನ ಚೌಕಟ್ಟನ್ನು ಬಾನೆಟ್ಟಿನ ಮೇಲೆ ಮಡಿಸಿಡುವಂತೆಯೇ ಮಾಡಿದ್ದಾರೆ. ಮಡಿಸಲು ಮಾಡಿದ ವಸ್ತು ಒಂದು ಟನ್ನಿನ ಗಾಡಿಯನ್ನು ಹೊರುವುದೆಂದು ನಿರೀಕ್ಷಿಸುವುದು ಹೇಗೆ? ಜೀಪು ತಲೆಕೆಳಗಾದರೆ ನೆಲಕ್ಕೂ ಸೀಟಿಗೂ ನಡುವೆ ಉಳಿಯುವ ಎತ್ತರ ಸ್ಟಿಯರಿಂಗಿನ ಚಕ್ರದಷ್ಟೇ. ಅಲ್ಲಿ ಕುಳಿತವನ ತಲೆ, ಕುತ್ತಿಗೆಗಳಿಗೆ ಜಾಗವಿಲ್ಲ.

ತೆರೆದ ಕಾರುಗಳಿಗೆ ಛಾವಣಿಯ ಬಲದ ನಿಯಮವೇ ಬಹುಕಾಲ ಅನ್ವಯಿಸಲಿಲ್ಲ. ಅಮೆರಿಕದಲ್ಲಿ 1973ರಿಂದ ಮುಚ್ಚಿದ ಕಾರಿನ ಛಾವಣಿ ಗಾಡಿಯ ತೂಕದ ಒಂದೂವರೆ ಪಟ್ಟು ಭಾರ ತಡೆಯಬೇಕೆಂದು ನಿಯಮ ಮಾಡಿದರು. 2009ರಲ್ಲಿ ಅದನ್ನು ಮೂರು ಪಟ್ಟಿಗೆ ಏರಿಸಿದರು. ಮಡಿಸುವ ಟಾಪಿನ ಗಾಡಿಗಳನ್ನು ಮಾತ್ರ ಹೊರಗಿಟ್ಟರು. ಇದನ್ನು ತಯಾರಕರೇ ಬೇರೆ ರೀತಿಯಲ್ಲಿ ತುಂಬಿಕೊಡಬೇಕಾಯಿತು. ಮರ್ಸಿಡಿಸ್ ಕಂಪನಿ 1989ರಲ್ಲಿ ತನ್ನ ತೆರೆದ ಕಾರಿನ ಸೀಟಿನ ಹಿಂದೆ ಮಲಗಿಸಿಟ್ಟ ಕಮಾನೊಂದನ್ನು ಕೊಟ್ಟಿತು. ಗಾಡಿ ಮಗುಚುವ ಸೂಚನೆ ಸಿಕ್ಕ ಕೂಡಲೇ ಅದು ಸುಮಾರು 0.3 ಸೆಕೆಂಡಿನಲ್ಲಿ ತಾನೇ ಎದ್ದು ನಿಲ್ಲುತ್ತದೆ. ನಮ್ಮಲ್ಲಿ 2020ರಲ್ಲಿ ಹೊಸದಾಗಿ ಬಂದ ಥಾರ್ ಗಾಡಿಗೆ ಕಾರ್ಖಾನೆಯಲ್ಲಿಯೇ ಪೈಪಿನ ಪಂಜರ ಕೂಡಿಸಿ ಕೊಡುತ್ತಾರೆ. ಅದೇ ವರ್ಷ ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ಅದಕ್ಕೆ ನಾಲ್ಕು ನಕ್ಷತ್ರ ದೊರೆತವು. ಹಳೆಯ ಸಿಜೆ, ಎಂಎಂ-540 ಇಟ್ಟುಕೊಂಡ ನಮ್ಮಂಥವರಿಗೆ ಈ ಭಾಗ್ಯವಿಲ್ಲ. ನಾವೇ ಕೂಡಿಸಿಕೊಳ್ಳಬೇಕು.

ಕಮಾನು ಹೇಗಿರಬೇಕು?

ತೋಟದ ಜೀಪಿಗೆಂದೇ ಬರೆದ ಅಳತೆಪುಸ್ತಕವಿಲ್ಲ. ಆದರೆ ಮೋಟಾರು ಪಂದ್ಯಗಳ ಅಂತರರಾಷ್ಟ್ರೀಯ ಸಂಸ್ಥೆಯಾದ ಎಫ್‌ಐಎ ಪಂದ್ಯದ ಕಾರುಗಳಿಗೆ ವಿಧಿಸಿರುವ ಅಳತೆಗಳಿವೆ. ಅವನ್ನು ಆಧಾರವಾಗಿ ಇಟ್ಟುಕೊಳ್ಳುವುದು ಕ್ಷೇಮ.

ಸೀಟಿನ ಹಿಂದೆ ಎಡದಿಂದ ಬಲಕ್ಕೆ ನಿಲ್ಲುವ ಮುಖ್ಯ ಕಮಾನು ಒಂದೇ ಅಖಂಡ ಪೈಪಿನದಾಗಿರತಕ್ಕದ್ದು. ನಡುವೆ ಬೆಸುಗೆ ಕೂಡದು. ಪೈಪು ತಣ್ಣಗೆ ಎಳೆದು ತಯಾರಿಸಿದ, ಜೋಡಣೆಗೆರೆಯಿಲ್ಲದ ಉಕ್ಕಿನದಾಗಿರಬೇಕು. ಹೊರವ್ಯಾಸ 45 ಮಿಲಿಮೀಟರ್, ಗೋಡೆಯ ದಪ್ಪ 2.5 ಮಿಲಿಮೀಟರ್, ಇಲ್ಲವೆ 50 ವ್ಯಾಸಕ್ಕೆ 2 ದಪ್ಪ. ಹಿಂದಕ್ಕೆ ಇಳಿಯುವ ಎರಡು ಊರುಗೋಲುಗಳೂ, ಕಮಾನಿನೊಳಗೆ ಮೂಲೆಯಿಂದ ಮೂಲೆಗೆ ಹೋಗುವ ಓರೆಪೈಪೂ 38 ವ್ಯಾಸ, 2.5 ದಪ್ಪದವಾದರೆ ಸಾಕು. ಊರುಗೋಲು ನೆಟ್ಟಗೆ ನಿಂತಿರಬಾರದು. ಲಂಬಕ್ಕೆ ಕನಿಷ್ಠ 30 ಡಿಗ್ರಿ ಓರೆಯಾಗಿ, ಕಮಾನಿನ ನೆತ್ತಿಯ ಹತ್ತಿರದಿಂದ ಹೊರಡಬೇಕು. ಇವಿಲ್ಲದ ಒಂಟಿ ಕಮಾನು ಮುಂದಕ್ಕೋ ಹಿಂದಕ್ಕೋ ಬಾಗಿಲಿನಂತೆ ಮಡಿಸಿಕೊಳ್ಳುತ್ತದೆ. ಓರೆಪೈಪು ಇಲ್ಲದ ಕಮಾನು ಪಕ್ಕದ ಹೊಡೆತಕ್ಕೆ ಹಂದರದ ಕಂಬಗಳಂತೆ ವಾಲಿಬಿಡುತ್ತದೆ. ಪೇಟೆಯಲ್ಲಿ ಅಲಂಕಾರಕ್ಕೆ ಮಾರುವ ಹೊಳೆಯುವ ಕಮಾನುಗಳಲ್ಲಿ ಈ ಎರಡರಲ್ಲಿ ಒಂದು ತಪ್ಪಿರುವುದನ್ನು ಗಮನಿಸಬಹುದು.

ಇಷ್ಟಕ್ಕೆಲ್ಲ ತೂಕವೆಷ್ಟು ಎಂಬ ಅನುಮಾನ ಬೇಡ. 45 ವ್ಯಾಸದ ಪೈಪು ಮೀಟರಿಗೆ ಸುಮಾರು 2.6 ಕಿಲೋ, 38ರದು 2.2 ಕಿಲೋ. ಎರಡೂ ಸೇರಿ 7-8 ಮೀಟರ್ ಪೈಪು, ಜೊತೆಗೆ ತಟ್ಟೆ, ಬೋಲ್ಟು ಎಲ್ಲ ಕೂಡಿದರೂ 20 ಕಿಲೋ ಆಸುಪಾಸು. ಅರ್ಧ ಚೀಲ ಗೊಬ್ಬರ.

ಇಲ್ಲಿ ನಮ್ಮ ಊರಿನ ವೆಲ್ಡಿಂಗ್ ಅಂಗಡಿಗಳ ವಿಷಯ ಹೇಳಲೇಬೇಕು. ಟ್ರೇಲರು, ಗೇಟು, ಕಿಟಕಿ ಸರಳುಗಳಲ್ಲಿ ಪಳಗಿದ ಕುಶಲಿಗಳು ರಾಣೆಬೆನ್ನೂರು, ಹಾವೇರಿಗಳಲ್ಲಿ ಧಾರಾಳವಾಗಿದ್ದಾರೆ. ಅವರ ಕೈಚಳಕದ ಬಗ್ಗೆ ನಮಗೆ ಗೌರವವಿದೆ. ಆದರೆ ಕಮಾನು ಎಂದ ಕೂಡಲೇ ಕೈಗೆ ಸಿಗುವುದು ನೀರಿನ ಜಿಐ ಪೈಪು. ಅದು ನೀರು ಹರಿಸಲು ಮಾಡಿದ್ದು. ಅದರ ಉದ್ದಕ್ಕೂ ಜೋಡಣೆಗೆರೆ ಇರುತ್ತದೆ, ಬಗ್ಗಿಸುವಾಗಲೋ ಹೊಡೆತ ಬಿದ್ದಾಗಲೋ ಅಲ್ಲಿಯೇ ಸೀಳಬಹುದು. ಮೇಲಿನ ಸತುವಿನ ಲೇಪ ಬೆಸುಗೆಯನ್ನು ಕೆಡಿಸುತ್ತದೆ, ಅದರ ಹೊಗೆ ಸೇವಿಸಿದ ಬೆಸುಗೆಗಾರನಿಗೆ ಚಳಿಜ್ವರವನ್ನೂ ತರುತ್ತದೆ. ಜಿಐ ಪೈಪಿನ ಕಮಾನು ಹಾಕಿಸುವುದಕ್ಕಿಂತ ಹಾಕಿಸದೆ ಜೋಪಾನವಾಗಿ ಓಡಿಸುವುದು ಮೇಲು. ಕಮಾನಿದೆ ಎಂಬ ಹುಸಿಧೈರ್ಯವಾದರೂ ಇರುವುದಿಲ್ಲ.

ಬಗ್ಗಿಸುವುದು ತಣ್ಣಗೆ, ಸರಿಯಾದ ಅಚ್ಚಿನ ಯಂತ್ರದಲ್ಲಿ ಆಗತಕ್ಕದ್ದು. ಪೈಪಿನಲ್ಲಿ ಮರಳು ತುಂಬಿ ಕಾಯಿಸಿ ಬಗ್ಗಿಸುವುದು, ಗರಗಸದಿಂದ ಕಚ್ಚು ಕೊಯ್ದು ಮಡಿಸಿ ಬೆಸೆಯುವುದು, ಎರಡೂ ಸಲ್ಲದು. ಬಾಗಿನ ತ್ರಿಜ್ಯ ಪೈಪಿನ ವ್ಯಾಸದ ಮೂರು ಪಟ್ಟಾದರೂ ಇರಬೇಕು. 45ರ ಪೈಪಿಗೆ 135 ಮಿಲಿಮೀಟರ್. ಬಾಗಿದ ಕಡೆ ಪೈಪು ಚಪ್ಪಟೆಯಾಗಿದೆಯೇ ಎಂದು ಕ್ಯಾಲಿಪರಿನಿಂದ ಅಳೆಯಬೇಕು. ಕಿರಿದಾದ ಅಳತೆಯನ್ನು ಹಿರಿದಾದ ಅಳತೆಯಿಂದ ಭಾಗಿಸಿದರೆ 0.9ಕ್ಕಿಂತ ಕಡಿಮೆ ಬರಕೂಡದು; ಬಂದರೆ ಆ ಪೈಪನ್ನು ಹೂಬಳ್ಳಿಯ ಚಪ್ಪರಕ್ಕೆ ಬಳಸಿಕೊಳ್ಳಿ. ಬೆಸುಗೆ ಪೈಪಿನ ಸುತ್ತಲೂ ಪೂರ್ಣವಾಗಿರಬೇಕು. ಅಂದ ಕಾಣಲೆಂದು ಬೆಸುಗೆಯನ್ನು ಉಜ್ಜಿ ಮಟ್ಟ ಮಾಡಿಸುವವರು ಬೆಸುಗೆಯ ಬಲವನ್ನೇ ಉಜ್ಜಿ ತೆಗೆಸುತ್ತಾರೆ. ದೀಪ ಕೂಡಿಸಲು, ಟಾಪಿನ ಗುಂಡಿ ಹಾಕಲು ಕಮಾನಿಗೆ ರಂಧ್ರ ಕೊರೆಯುವುದೂ ಬೇಡ. ಪಟ್ಟಿ ಬಿಗಿದು ಕಟ್ಟಿಕೊಳ್ಳಬಹುದು.

ಕಾಲು ಊರುವ ಜಾಗ

ಪೈಪು ಎಷ್ಟೇ ಗಟ್ಟಿಯಾದರೂ ಅದರ ಕಾಲು ಊರಿದ ತಗಡು ತುಕ್ಕು ಹಿಡಿದಿದ್ದರೆ, ಜೀಪು ಮಗುಚಿದಾಗ ಕಮಾನು ನೆಲವನ್ನು ತೂರಿಕೊಂಡು ಕೆಳಗೆ ಇಳಿಯುತ್ತದೆ. ಹಳೆಯ ಜೀಪುಗಳ ಗತಿ ಬಹುಮಟ್ಟಿಗೆ ಇದೇ. ಮಲೆನಾಡಿನ ಮಳೆ ಕಂಡ ಗಾಡಿ, ರಸಗೊಬ್ಬರ ಹೊತ್ತ ಗಾಡಿ ಎಂದರೆ ಮೇಲೆ ಬಣ್ಣ, ಕೆಳಗೆ ಜರಡಿ. ಯೂರಿಯಾ, ಪೊಟ್ಯಾಷ್ ಚೆಲ್ಲಿದ ಕಡೆ ತೇವ ಹಿಡಿದು ಉಕ್ಕು ಬೇಗ ತಿನ್ನುತ್ತದೆ. ಆದ್ದರಿಂದ ಮೊದಲ ಕೆಲಸ ಪೈಪು ಕೊಳ್ಳುವುದಲ್ಲ. ರಬ್ಬರ್ ಹಾಸು ಎತ್ತಿ, ನೆಲದ ತಗಡನ್ನು ಮೊಳೆಯಿಂದ ಚುಚ್ಚಿ ನೋಡಬೇಕು. ಮೊಳೆ ಇಳಿದ ಕಡೆಯೆಲ್ಲ ಕೊಯ್ದು ಹೊಸ ತಗಡು ಕೂಡಿಸಿದ ಮೇಲೆಯೇ ಮುಂದಿನ ಮಾತು.

ಮುಖ್ಯ ಕಮಾನಿನ ಪ್ರತಿ ಕಾಲಿನಡಿಯೂ ಕನಿಷ್ಠ 3 ಮಿಲಿಮೀಟರ್ ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತೀರ್ಣದ ತಟ್ಟೆ ಬೇಕು. 12 ಸೆಂಟಿಮೀಟರ್ ಉದ್ದ, 10 ಅಗಲ ಎಂದಿಟ್ಟುಕೊಳ್ಳಿ. ತಗಡಿನ ಕೆಳಬದಿಗೂ ಅಂಥದೇ ಇನ್ನೊಂದು ತಟ್ಟೆ ಕೊಟ್ಟು, ರೊಟ್ಟಿಗಳ ನಡುವೆ ಪಲ್ಯ ಇಟ್ಟಂತೆ ತಗಡನ್ನು ನಡುವೆ ಬಿಗಿಯಬೇಕು. 8 ಮಿಲಿಮೀಟರಿನ, ತಲೆಯ ಮೇಲೆ 8.8 ಎಂದು ಅಚ್ಚಾದ ಬೋಲ್ಟುಗಳು ಕಾಲಿಗೆ ಮೂರಕ್ಕೆ ಕಡಿಮೆಯಿಲ್ಲದಂತೆ ಇರಬೇಕು. ಊರುಗೋಲಿಗೆ ತಟ್ಟೆ ಇದರ ಅರ್ಧವಾದರೂ ನಡೆಯುತ್ತದೆ, ಬೋಲ್ಟು ಎರಡು. ಅಚ್ಚಿಲ್ಲದ ಬೋಲ್ಟನ್ನು ‘ಇದೂ ಅದೇ ಸಾರ್’ ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ.

ಇನ್ನೊಂದು ತೊಡಕಿದೆ. ಜೀಪಿನ ತೊಟ್ಟಿ ಬೇರೆ, ಚಾಸಿ ಬೇರೆ. ರಬ್ಬರ್ ಇಟ್ಟು ಬೋಲ್ಟಿನಿಂದ ಕೂಡಿಸಿರುತ್ತಾರೆ. ಕಮಾನನ್ನು ಚಾಸಿಗೇ ಬಿಗಿದು, ಸೀಟು ತೊಟ್ಟಿಯ ಮೇಲೆಯೇ ಉಳಿದರೆ, ಹೊಡೆತ ಬಿದ್ದಾಗ ಎರಡೂ ಬೇರೆಬೇರೆ ದಿಕ್ಕಿಗೆ ಅಲುಗಾಡುತ್ತವೆ. ನಮ್ಮ ಅಭಿಪ್ರಾಯದಲ್ಲಿ ಕಮಾನು, ಸೀಟು, ಬೆಲ್ಟು ಮೂರೂ ತೊಟ್ಟಿಗೇ ಕೂಡಿರುವುದು ಮೇಲು. ಕಮಾನಿನ ಕಾಲು ತೊಟ್ಟಿಯ ಬೋಲ್ಟಿನ ಸಮೀಪದಲ್ಲಿಯೇ ಊರಲಿ. ಆ ಹಳೆಯ ಬೋಲ್ಟು, ರಬ್ಬರುಗಳನ್ನು ಅದೇ ಸಮಯಕ್ಕೆ ಹೊಸದಾಗಿ ಬದಲಿಸಿ.

ಎತ್ತರದ ಪರೀಕ್ಷೆಗೆ ಕೋಲೊಂದು ಸಾಕು. ಮನೆಯಲ್ಲಿ ಎಲ್ಲರಿಗಿಂತ ಎತ್ತರದವರನ್ನು ಸೀಟಿನಲ್ಲಿ ಕೂರಿಸಿ, ಕಮಾನಿನ ನೆತ್ತಿಯಿಂದ ಗಾಜಿನ ಚೌಕಟ್ಟಿನ ಮೇಲಂಚಿಗೆ ನೆಟ್ಟನೆಯ ಬಿದಿರು ಇಡಿ. ತಲೆ ಆ ಬಿದಿರಿನ ಕೆಳಗಿರಬೇಕು. ಕಮಾನು ತಲೆಗಿಂತ ಎರಡು ಅಂಗುಲವಾದರೂ ಎತ್ತರವಿರಬೇಕು. ಗಾಜನ್ನು ಮಡಿಸಿ ಓಡಿಸುವ ಅಭ್ಯಾಸವಿದ್ದವರು ಬಿದಿರಿನ ಇನ್ನೊಂದು ತುದಿಯನ್ನು ಬಾನೆಟ್ಟಿಗೆ ಇಟ್ಟು ನೋಡಲಿ, ಆಗ ತಿಳಿಯುತ್ತದೆ. ನಮ್ಮ ಹಿರಿಯರು ರುಮಾಲು ಸುತ್ತಿಕೊಂಡೇ ಅಳತೆ ಕೊಡುವುದು ಒಳ್ಳೆಯದು.

ಬೆಲ್ಟು ಮತ್ತು ಮೆತ್ತೆ

ಬೆಲ್ಟು ಹಾಕದವನಿಗೆ ಈ ಕಮಾನಿನಿಂದ ಪ್ರಯೋಜನವಿಲ್ಲ. ಗಾಡಿ ಮಗುಚುವಾಗ ಅವನು ಕಮಾನಿನ ಆಶ್ರಯದಿಂದ ಹೊರಗೆ ಎಸೆಯಲ್ಪಟ್ಟು, ಅದೇ ಕಮಾನು ಅವನ ಮೇಲೆಯೇ ಬೀಳಬಹುದು. ಹಳೆಯ ಜೀಪುಗಳಲ್ಲಿ ಬೆಲ್ಟೇ ಇಲ್ಲ. ಹೆಗಲಿನಿಂದ ಸೊಂಟಕ್ಕೆ ಬರುವ ಮೂರು ಬಿಂದುವಿನ ಬೆಲ್ಟನ್ನು ಕಮಾನಿನ ಜೊತೆಯಲ್ಲಿಯೇ ಕೂಡಿಸಬೇಕು. ಅದರ ಕೆಳತುದಿಗಳಿಗೂ ತಟ್ಟೆ ಬೇಕು, ಬರಿಯ ತಗಡಿಗೆ ಬಿಗಿದರೆ ಕಿತ್ತು ಬರುತ್ತದೆ.

ಪಂದ್ಯದವರು ಹೆಲ್ಮೆಟ್ ಹಾಕುತ್ತಾರೆ, ನಾವು ಹಾಕುವುದಿಲ್ಲ. ಈ ವ್ಯತ್ಯಾಸವನ್ನು ಮರೆತು ಅವರ ಪಂಜರವನ್ನು ಹಾಗೆಯೇ ತಂದು ಕೂಡಿಸುವುದು ಅಪಾಯ. ತಲೆಯ ಹತ್ತಿರವೇ ಉಕ್ಕಿನ ಪೈಪಿದ್ದರೆ ಮಗುಚದ ಸಣ್ಣ ಡಿಕ್ಕಿಯಲ್ಲಿಯೂ ತಲೆಬುರುಡೆ ಒಡೆದೀತು. ಆದ್ದರಿಂದ ಕಮಾನನ್ನು ತಲೆಯಿಂದ ಸಾಧ್ಯವಾದಷ್ಟು ಹಿಂದಕ್ಕಿಟ್ಟು, ತಲೆ ತಾಗಬಹುದಾದ ಕಡೆಯೆಲ್ಲ ಪಂದ್ಯದ ಕಾರುಗಳಿಗೆ ಬಳಸುವ ಗಡುಸು ಮೆತ್ತೆ ಸುತ್ತಬೇಕು. ಹಾಸಿಗೆಯ ಸ್ಪಂಜು ಬೆರಳಲ್ಲಿ ಒತ್ತಿದರೆ ಅಡಗುತ್ತದೆ. ತಲೆಗೆ ಅದು ಇದ್ದೂ ಇಲ್ಲದಂತೆ.

ಹಿಂದಿನ ಅಡ್ಡ ಬೆಂಚಿನಲ್ಲಿ ಕೂರುವವರಿಗೆ ಸೀಟಿನ ಹಿಂದಿನ ಒಂದು ಕಮಾನು ಏನೂ ಮಾಡದು. ಇದನ್ನು ನಾವು ಒತ್ತಿ ಹೇಳುತ್ತೇವೆ. ಏಕೆಂದರೆ ಕಮಾನು ಬಂದ ಮರುದಿನವೇ ಅದು ಹಿಡಿಕೆಯಾಗುತ್ತದೆ. ಕೊನೆ ಕೊಯ್ಯುವವರು, ಕಾಫಿ ಬಿಡಿಸುವ ಹೆಣ್ಣಾಳುಗಳು ಅದನ್ನು ಹಿಡಿದು ಹಿಂದೆ ನಿಲ್ಲುತ್ತಾರೆ, ನಾವು ಮೇಲೆ ಹೇಳಿದ ಭಾರಕೇಂದ್ರ ಏರುತ್ತದೆ, ಗಾಡಿ ಉರುಳಿದರೆ ಮೊದಲು ಸಿಕ್ಕುವುದು ಆ ಕೈಗಳೇ. ಮಾಲೀಕನ ತಲೆ ಕಾಯಲು ಹಾಕಿಸಿದ ಪೈಪು ಆಳುಗಳ ಜೀವಕ್ಕೆ ಎರವಾಗುವುದು ನ್ಯಾಯವಲ್ಲ. ಹಿಂದೆ ಜನ ಕೂರಿಸಲೇಬೇಕೆಂದರೆ ಅವರ ಹಿಂದೆಯೂ ಒಂದು ಕಮಾನು, ಮೇಲೆ ಎರಡನ್ನೂ ಕೂಡಿಸುವ ಪೈಪು, ಮುಂದಕ್ಕೆ ಮುಖ ಮಾಡಿದ ಸೀಟು, ಬೆಲ್ಟು ಇಷ್ಟೂ ಆಗಬೇಕು. ಆಗದಿದ್ದರೆ ಹಿಂದೆ ಚೀಲ ಮಾತ್ರ, ಅದೂ ಬೆಂಚಿನ ಮಟ್ಟಕ್ಕೆ.

ಟ್ರ್ಯಾಕ್ಟರಿನ ಮಾತು

ಟ್ರ್ಯಾಕ್ಟರು ಇಟ್ಟವರೂ ಇದನ್ನೇ ಕೇಳುತ್ತಾರೆ. ಸ್ವೀಡನ್ ದೇಶ 1959ರಲ್ಲಿಯೇ ಹೊಸ ಟ್ರ್ಯಾಕ್ಟರುಗಳಿಗೆ ಉರುಳು-ರಕ್ಷಣೆಯ ಚೌಕಟ್ಟನ್ನು ಕಡ್ಡಾಯ ಮಾಡಿತು, ಮುಂದಿನ ದಶಕಗಳಲ್ಲಿ ಅಲ್ಲಿ ಟ್ರ್ಯಾಕ್ಟರು ಮಗುಚಿ ಸಾಯುವವರ ಸಂಖ್ಯೆ ಬಹಳ ಇಳಿಯಿತು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2006ರಿಂದ ಹಳೆಯ ಟ್ರ್ಯಾಕ್ಟರಿಗೆ ಚೌಕಟ್ಟು ಕೂಡಿಸಲು ರೈತರಿಗೆ ಸಹಾಯಧನವನ್ನೇ ಕೊಡತೊಡಗಿದರು. ಟ್ರ್ಯಾಕ್ಟರು ಹಿಂದಕ್ಕೆ ಮಗುಚುವಾಗ ಮುಂದಿನ ಗಾಲಿ ಎದ್ದ ಮೇಲೆ ಚಾಲಕನಿಗೆ ಒಂದು ಸೆಕೆಂಡೂ ಸಿಗುವುದಿಲ್ಲ. ಆದರೆ ಟ್ರ್ಯಾಕ್ಟರಿನ ಚೌಕಟ್ಟನ್ನು ಊರಿನಲ್ಲಿ ಬೆಸೆಯಿಸಲು ನಾವು ಹೇಳುವುದಿಲ್ಲ. ಆ ಮಾದರಿಗೆ ತಯಾರಕರೇ ಪರೀಕ್ಷಿಸಿ ಕೊಡುವುದನ್ನೇ ವಿತರಕರಲ್ಲಿ ಕೇಳಿ ತರಿಸಬೇಕು. ನೆರಳಿಗೆ ಹಾಕಿಸುವ ತಗಡಿನ ಛಾವಣಿ ರಕ್ಷಣೆಯಲ್ಲ. ಚೌಕಟ್ಟಿಲ್ಲದ ಟ್ರ್ಯಾಕ್ಟರಿನಲ್ಲಿ ಬೆಲ್ಟು ಕಟ್ಟಿಕೊಳ್ಳಬಾರದು, ಚೌಕಟ್ಟಿದ್ದರೆ ಕಟ್ಟಿಕೊಳ್ಳಲೇಬೇಕು.

ಕಾನೂನಿನ ತೊಡಕು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಗಿಂತ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿ ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗೆ ಸಜೆ, ಇಲ್ಲವೆ ಎರಡೂ ಆಗಬಹುದು. ಗಾಡಿಯ ಮುಂದೆ ಕೂಡಿಸುವ ದಪ್ಪ ಪೈಪಿನ ಗಾರ್ಡುಗಳ ವಿರುದ್ಧ ಕೇಂದ್ರ ಸಾರಿಗೆ ಮಂತ್ರಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಬರೆದಿದೆ. ಒಳಗಿನ ರಕ್ಷಣಾ ಕಮಾನು ಅದಕ್ಕಿಂತ ಬೇರೆ ವಸ್ತು. ಆದರೂ ರಸ್ತೆಯಲ್ಲಿ ತಡೆದ ಅಧಿಕಾರಿಗೆ ಈ ಭೇದವನ್ನು ಬಾಯಿಮಾತಿನಲ್ಲಿ ತಿಳಿಸಿ ಹೇಳುವುದು ಕಷ್ಟ.

ಆದ್ದರಿಂದ ಪೈಪು ಕೊಳ್ಳುವ ಮೊದಲೇ ಹಾವೇರಿಯ ಪ್ರಾದೇಶಿಕ ಸಾರಿಗೆ ಕಚೇರಿಗೆ, ರಾಣೆಬೆನ್ನೂರಿನ ನೋಂದಣಿಯಾದರೆ ಅಲ್ಲಿಯ ಸಹಾಯಕ ಕಚೇರಿಗೆ, ಕಮಾನಿನ ನಕ್ಷೆ, ಅಳತೆ, ತೂಕಗಳನ್ನು ಲಗತ್ತಿಸಿ ಅರ್ಜಿ ಕೊಟ್ಟು ಲಿಖಿತ ಉತ್ತರ ಪಡೆಯತಕ್ಕದ್ದು. ಆಸನದ ಸಂಖ್ಯೆ ಬದಲಾಗುವುದಿಲ್ಲ, ತೊಟ್ಟಿಯನ್ನು ಕೊಯ್ಯುವುದಿಲ್ಲ, ಬೋಲ್ಟು ಬಿಚ್ಚಿ ತೆಗೆಯಬಹುದಾದ ಕೂಡಿಕೆ ಎಂಬುದನ್ನು ಅರ್ಜಿಯಲ್ಲಿ ಸ್ಪಷ್ಟವಾಗಿ ಕಾಣಿಸಿ. ಅನುಮತಿ ಸಿಗದಿದ್ದರೆ ಕಮಾನು ಹಾಕಿದ ಜೀಪನ್ನು ಸಾರ್ವಜನಿಕ ರಸ್ತೆಗೆ ತರಬಾರದು. ಸಿಕ್ಕರೆ ಅದರ ಪ್ರತಿಯನ್ನು ವಿಮೆಯ ಕಂಪನಿಗೂ ಕಳುಹಿಸಿ ಸ್ವೀಕೃತಿ ಇಟ್ಟುಕೊಳ್ಳಿ. ಅಪಘಾತದ ದಿನ ‘ನಮಗೆ ತಿಳಿಸಿರಲಿಲ್ಲ’ ಎಂಬ ನೆಪ ಅವರಿಗೆ ದೊರೆಯಬಾರದು. 15 ವರ್ಷ ದಾಟಿದ ಜೀಪುಗಳ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ನವೀಕರಿಸಬೇಕಾಗಿರುವುದರಿಂದ, ಆ ತಪಾಸಣೆಗೆ ಹೋಗುವಾಗಲೂ ಈ ಕಾಗದಗಳು ಗಾಡಿಯಲ್ಲಿಯೇ ಇರಲಿ.

ಕೂಡಿಸಿದ ಮೇಲೆ ಮೊದಲ 500 ಕಿಲೋಮೀಟರ್ ಓಡಿದಾಗ ಎಲ್ಲ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿಯಬೇಕು. ತಟ್ಟೆಗಳು ಕೂರುತ್ತಾ ಅವು ಸಡಿಲಾಗುತ್ತವೆ. ಆಮೇಲೆ ಪ್ರತಿ ವರ್ಷ ಮುಂಗಾರಿನ ಮೊದಲು ಒಮ್ಮೆ, ಹಾಸು ಎತ್ತಿ, ತಟ್ಟೆಯ ಸುತ್ತ ತುಕ್ಕಿನ ಗೆರೆ ಎದ್ದಿದೆಯೇ, ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಷ್ಟು ಬಿರುಕು ಇದೆಯೇ ಎಂದು ನೋಡಿಕೊಳ್ಳಿ. ಒಮ್ಮೆ ಮಗುಚಿದ ಗಾಡಿಯ ಕಮಾನನ್ನು ನೆಟ್ಟಗೆ ಮಾಡಿಸಿ ಮತ್ತೆ ಬಳಸಕೂಡದು. ಬಾಗಿದ ಪೈಪು ತನ್ನ ಕೆಲಸ ಮುಗಿಸಿರುತ್ತದೆ, ಹೊಸದನ್ನೇ ಹಾಕಿಸಬೇಕು.